ಗಂಟಲಲ್ಲಿ ಕಟ್ಟಿದ ಮಂಜು

ಮೂವತ್ತು ವರ್ಷಗಳಿಗೂ ಮಿಕ್ಕು ತರಗತಿಗಳಲ್ಲಿ ಹಳಗನ್ನಡ ಪಾಠ ಹೇಳಿಕೊಂಡು ಬಂದವನು ವಿಮಾನದ ಇಂಜಿನ್ನಿನ ವಿಚಾರ ಮಾತನಾಡಲು ಕುಳಿತರೆ ಕೇಳುಗರಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ. ನನಗೆ ಈ ವಿಷಯದಲ್ಲಿ ಇರುವ ಅಧಿಕಾರವೆಂದರೆ ಒಂದೇ. 1990ರಲ್ಲಿ ನಾನು ಒಂದು ಇಂಗ್ಲಿಷ್ ಪತ್ರವನ್ನು ಕನ್ನಡಕ್ಕೆ ತಿರುಗಿಸಿ ಹೇಳುವಾಗ ಒಂದು ಕ್ರಿಯಾಪದವನ್ನು ತಪ್ಪಿದೆ. ಆ ತಪ್ಪು ಎಂಥದೆಂದು ತಿಳಿಯುವುದಕ್ಕೆ ನನಗೆ ಎಂಟು ವರ್ಷ ಬೇಕಾಯಿತು. ತಿಳಿಯಬೇಕಾದರೆ ಇಂಜಿನ್ನಿನ ಒಳಗೆ ಏನು ನಡೆಯುತ್ತದೆಂಬುದನ್ನೂ ಕಲಿಯಬೇಕಾಯಿತು.

ಮೊದಲು ನಮ್ಮ ಕಡೆಯ ಚಳಿಗಾಲದ ಮಾತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಒಂದೇ ಜಿಲ್ಲೆಯ ನೆರೆಹೊರೆಯ ಊರುಗಳು. ಆದರೆ ಮೂರಕ್ಕೂ ಮೂರು ಬಗೆಯ ಚಳಿ. ಕಡೂರಿನದು ಬಯಲುಸೀಮೆಯ ಒಣ ಚಳಿ. ಮಾರ್ಗಶಿರ ಪುಷ್ಯಗಳಲ್ಲಿ ಮೂಡಣದ ಗಾಳಿಗೆ ತುಟಿ ಒಡೆಯುತ್ತದೆ, ಆಕಾಶ ಮಾತ್ರ ತೊಳೆದಿಟ್ಟಂತೆ ತಿಳಿಯಾಗಿರುತ್ತದೆ. ಬೀರೂರಿನಲ್ಲಿ ಶಿವಮೊಗ್ಗದ ಕಡೆಗೆ ಹೊರಳುವ ರೈಲಿನಲ್ಲಿ ಕುಳಿತು ತರೀಕೆರೆಗೆ ಹೋಗಿ ನೋಡಿ, ಮಲೆನಾಡಿನ ಹೊಸ್ತಿಲು ಅದು. ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಲ್ಲಿ ಕಾವಳ ಕಟ್ಟಿಕೊಂಡು, ಅಡಿಕೆ ತೋಟದ ಗರಿಗಳಿಂದ ಬೆಳಗಿನ ಒಂಬತ್ತು ಗಂಟೆಯವರೆಗೂ ಹನಿ ತೊಟ್ಟಿಕ್ಕುತ್ತಿರುತ್ತದೆ. ಅಜ್ಜಂಪುರದ ಎರೆಹೊಲಗಳಲ್ಲಿ ಇವೆರಡೂ ಉಂಟು. ರಾತ್ರಿಯೆಲ್ಲ ಇಬ್ಬನಿ, ಬೆಳಗ್ಗೆ ನೆಲದ ಮೇಲೆ ಹಾಲು ಚೆಲ್ಲಿದಂತೆ ಮಂಜು, ಹೊತ್ತೇರಿದ ಮೇಲೆ ಚುರುಕು ಬಿಸಿಲು. ಆದರೆ ಈ ಮೂರು ಊರುಗಳಲ್ಲಿ ಎಲ್ಲಿಯೂ ಕೆರೆಯ ನೀರು ಗಡ್ಡೆ ಕಟ್ಟಿದ್ದನ್ನು ಯಾರೂ ಕಂಡಿಲ್ಲ. ಹಿಮವೆಂದರೆ ನಮಗೆ ಹಿಮಾಲಯ, ಇಲ್ಲವೇ ಅಂಗಡಿಯ ಐಸ್ ಕ್ಯಾಂಡಿ. ಹೀಗಿರುವಾಗ ಹದಿನೈದು ಡಿಗ್ರಿಯ ಹಿತವಾದ ಚಳಿಯಲ್ಲಿ ಹಾರುವ ಪುಟ್ಟ ವಿಮಾನದ ಇಂಜಿನ್ ಹಿಮಗಟ್ಟಿ ನಿಂತುಹೋಗುತ್ತದೆಂದರೆ ನಂಬುವವರು ಯಾರು? ನಾನಂತೂ ನಂಬಲಿಲ್ಲ.

ವಿಮಾನ ನಡುದಾರಿಯಲ್ಲಿ ನಿಂತ ಮೊದಲ ಪ್ರಸಂಗ ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಕುಬೇರನನ್ನು ಗೆದ್ದು ಪುಷ್ಪಕವನ್ನೇರಿ ಬರುತ್ತಿದ್ದ ರಾವಣನ ವಿಮಾನ ಶರವಣದ ಬಳಿಯ ಪರ್ವತದ ಮೇಲೆ ಹಠಾತ್ತನೆ ನಿಲ್ಲುತ್ತದೆ. ಏಕೆ ನಿಂತಿತೆಂದು ಮಂತ್ರಿಗಳು ತರ್ಕಿಸುತ್ತಾರೆ. ಕುಬೇರನನ್ನಲ್ಲದೆ ಬೇರೆಯವರನ್ನು ಇದು ಹೊರುವುದಿಲ್ಲವೇನೋ ಎಂದು ಮಾರೀಚನ ಊಹೆ. ಜೈನ ರಾಮಾಯಣ ಪರಂಪರೆಯಲ್ಲಾದರೆ ಕೆಳಗೆ ತಪಸ್ಸಿಗೆ ಕುಳಿತ ವಾಲಿಮುನಿಯ ಪ್ರಭಾವದಿಂದ ಅದು ನಿಲ್ಲುತ್ತದೆ. ಎರಡು ಕಥೆಗಳಲ್ಲಿಯೂ ರಾವಣ ಮಾಡುವುದು ಒಂದನ್ನೇ: ಕಾರಣವನ್ನು ಅರಿತು ಹಿಂದಿರುಗುವ ಬದಲು ಕೋಪಗೊಂಡು ಬೆಟ್ಟಕ್ಕೇ ಕೈಹಾಕುತ್ತಾನೆ. ಈ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಕಾಣದ ಕಾರಣಕ್ಕೆ ವಿಮಾನ ನಿಂತಾಗ ಒಳಗೆ ಕುಳಿತವನ ಕೈ ಏನು ಮಾಡುತ್ತದೆಂಬ ಪ್ರಶ್ನೆ ಮಾತ್ರ ನನಗೆ ಆಗ ಹೊಳೆದಿರಲಿಲ್ಲ.

ಪುಷ್ಪಕವೆಂಬ ಹೆಸರನ್ನೇ ಹೊತ್ತ ಇನ್ನೊಂದು ವಿಮಾನ ನಮ್ಮ ನಾಡಿನಲ್ಲಿಯೇ ಹುಟ್ಟಿತು. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಈ 'ಪುಷ್ಪಕ್' ಎರಡೇ ಸೀಟಿನ, ರೆಕ್ಕೆ ಮೇಲಿರುವ, ಮೈಗೆ ಬಟ್ಟೆ ಹೊದಿಸಿದ ಹಗುರ ವಿಮಾನ. ಅದರ ಇಂಜಿನ್ ತೊಂಬತ್ತು ಅಶ್ವಶಕ್ತಿಯದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ತರುಣರು ಹಾರುವುದನ್ನು ಕಲಿತದ್ದು ಇಂಥವುಗಳ ಮೇಲೆ. ಅದಕ್ಕೂ ಮುಂಚೆ, 1932ರ ಅಕ್ಟೋಬರ್‌ನಲ್ಲಿ, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಒಂಟಿ ಇಂಜಿನ್ನಿನ ವಿಮಾನದಲ್ಲಿ ಅಂಚೆ ತಂದಾಗ, ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ನಡುವೆ ಅವರು ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ದೊಡ್ಡ ವಿಮಾನಗಳ ಗದ್ದಲದಲ್ಲಿ ಈ ಪುಟ್ಟ ವಿಮಾನಗಳನ್ನು ನಾವು ಮರೆಯುತ್ತೇವೆ. ಇವುಗಳ ಇಂಜಿನ್ ನಮ್ಮ ಮೋಟಾರುಕಾರಿನ ಇಂಜಿನ್ನಿನ ಜಾತಿಯದೇ. ಪೆಟ್ರೋಲು, ಗಾಳಿ, ಕಿಡಿ ಇಷ್ಟಿದ್ದರೆ ಓಡುತ್ತದೆ. ವ್ಯತ್ಯಾಸವೆಂದರೆ ಕಾರು ನಿಂತರೆ ಇಳಿದು ತಳ್ಳಬಹುದು.

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಅಂಗವೇ ಕಾರ್ಬುರೇಟರ್. ಅದರ ನಡುವೆ ಒಂದು ಇಕ್ಕಟ್ಟಾದ ಗಂಟಲು. ಗಾಳಿ ಅಲ್ಲಿ ವೇಗವಾಗಿ ನುಗ್ಗುವಾಗ ಅದರ ಒತ್ತಡ ಇಳಿಯುತ್ತದೆ, ಒತ್ತಡದೊಂದಿಗೆ ಉಷ್ಣವೂ ಇಳಿಯುತ್ತದೆ. ಅದೇ ಜಾಗದಲ್ಲಿ ಪೆಟ್ರೋಲು ತುಂತುರಾಗಿ ಚಿಮ್ಮಿ ಆವಿಯಾಗುತ್ತದೆ. ಆವಿಯಾಗುವ ದ್ರವ ಸುತ್ತಲಿನ ಬಿಸಿಯನ್ನು ಕದಿಯುತ್ತದೆಂಬುದನ್ನು ನಮ್ಮ ಮನೆಯ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಅದರಿಂದಲೇ. ಸೂಜಿ ಚುಚ್ಚುವ ಮೊದಲು ದಾದಿ ತೋಳಿಗೆ ಸ್ಪಿರಿಟ್ ಒರೆಸಿದಾಗ ಮೈ ಜುಂ ಎನ್ನುವುದೂ ಅದರಿಂದಲೇ. ಈ ಎರಡು ಕಾರಣಗಳೂ ಕೂಡಿ, ಹೊರಗಿನ ಗಾಳಿಗಿಂತ ಗಂಟಲಿನೊಳಗಿನ ಗಾಳಿ ಇಪ್ಪತ್ತು ಡಿಗ್ರಿ, ಕೆಲವೊಮ್ಮೆ ಮೂವತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಹೊರಗೆ ಹದಿನೈದು ಡಿಗ್ರಿ ಇದ್ದರೆ ಒಳಗೆ ಶೂನ್ಯಕ್ಕಿಂತ ಕೆಳಗೆ. ಗಾಳಿಯಲ್ಲಿ ತೇವವಿದ್ದರೆ, ನಮ್ಮ ಮಂಜಿನ ಮುಂಜಾನೆಗಳಲ್ಲಿ ಅದಕ್ಕೇನು ಕೊರತೆ, ಆ ತೇವ ಗಂಟಲಿನ ಗೋಡೆಗೂ ಒಳಗಿನ ಥ್ರಾಟಲ್ ಬಿಲ್ಲೆಗೂ ಹಿಮವಾಗಿ ಅಂಟಿಕೊಳ್ಳುತ್ತದೆ. ಪದರದ ಮೇಲೆ ಪದರ ಬೆಳೆದು ಗಾಳಿಯ ದಾರಿ ಕಿರಿದಾಗುತ್ತದೆ. ಇಂಜಿನ್ನಿಗೆ ಉಸಿರು ಕಟ್ಟುತ್ತದೆ.

ಬಲ್ಲವರು ಹೇಳುವ ಲೆಕ್ಕ ಹೀಗಿದೆ: ಹೊರಗಿನ ಉಷ್ಣ ಇಪ್ಪತ್ತೊಂದು ಡಿಗ್ರಿಗಿಂತ ಕಡಿಮೆ, ಗಾಳಿಯ ಆರ್ದ್ರತೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇದ್ದಾಗ ಈ ಅಪಾಯ ಬಹಳ, ಆದರೆ ಮೂವತ್ತೆಂಟು ಡಿಗ್ರಿಯ ಸೆಕೆಯಲ್ಲಿಯೂ ಹಿಮ ಕಟ್ಟುವುದು ಸಾಧ್ಯ. ಇದಕ್ಕೆ ವಿರುದ್ಧವಾಗಿ, ಉತ್ತರದೇಶಗಳ ಕಡುಚಳಿಯಲ್ಲಿ ಗಾಳಿ ಒಣಗಿದ್ದು ತೇವವೆಲ್ಲ ಮೊದಲೇ ಹೆಪ್ಪುಗಟ್ಟಿರುವುದರಿಂದ ಈ ತೊಂದರೆ ಕಡಿಮೆ. ನಿಜವಾದ ಹಿಮದ ನಾಡಿಗಿಂತ ಇಬ್ಬನಿಯ ನಾಡಿಗೇ ಈ ಹಿಮದ ಕಾಟ ಹೆಚ್ಚೆಂಬುದನ್ನು ಕೇಳಿ ನಾನು ಬೆರಗಾದೆ.

ಇದಕ್ಕೆ ಮದ್ದಿಲ್ಲವೆ? ಇದೆ, ಬಹು ಸರಳವಾದದ್ದು. ಚಾಲಕನ ಮುಂದೆ ಒಂದು ಹಿಡಿ ಇರುತ್ತದೆ. ಅದನ್ನು ಎಳೆದರೆ ತಣ್ಣನೆಯ ಹೊರಗಾಳಿ ನಿಂತು, ಇಂಜಿನ್ನಿನ ಕಾದ ಹೊಗೆಕೊಳವೆಯ ಸುತ್ತ ಹಾದು ಬಂದ ಬಿಸಿಗಾಳಿ ಕಾರ್ಬುರೇಟರಿಗೆ ಹೋಗುತ್ತದೆ, ಹಿಮ ಕರಗುತ್ತದೆ. ಚಾರ್ಲ್ಸ್ ಲಿಂಡ್‌ಬರ್ಗ್ ಈ ಪಾಠ ಕಲಿತದ್ದು 1927ರ ಮೇ ತಿಂಗಳಲ್ಲಿ. ತನ್ನ ಹೊಸ ವಿಮಾನದಲ್ಲಿ ಸ್ಯಾನ್ ಡಿಯಾಗೊದಿಂದ ಸೇಂಟ್ ಲೂಯಿಸ್‌ಗೆ ಹಾರುತ್ತಿದ್ದಾಗ ರಾತ್ರಿಯಲ್ಲಿ ಬೆಟ್ಟಗಳ ಮೇಲೆ ಇಂಜಿನ್ ತಡವರಿಸತೊಡಗಿತು. ಕತ್ತಲಲ್ಲಿ ಸುತ್ತುತ್ತ ಸುತ್ತುತ್ತ ಹೇಗೋ ಸುಧಾರಿಸಿಕೊಂಡು ಮುಂದುವರಿದ. ಆತನ ವಿಮಾನದಲ್ಲಿ ಬಿಸಿಗಾಳಿಯ ಏರ್ಪಾಡಿರಲಿಲ್ಲ. ನ್ಯೂಯಾರ್ಕಿಗೆ ಬಂದವನೇ ಅದನ್ನು ಹಾಕಿಸಿಕೊಂಡ. ಆಮೇಲೆಯೇ ಅಟ್ಲಾಂಟಿಕ್ ಸಾಗರದ ಮೇಲೆ ಮೂವತ್ತಮೂರೂವರೆ ಗಂಟೆ ಒಬ್ಬನೇ ಹಾರಿ ಪ್ಯಾರಿಸ್ ಮುಟ್ಟಿದ. ಜಗತ್ತು ಆತನ ಎದೆಗಾರಿಕೆಯನ್ನು ಹೊಗಳಿತು, ಅದು ನ್ಯಾಯವೇ. ನನಗೆ ಮಾತ್ರ ಆ ಹೊಗೆಕೊಳವೆಯ ಬಿಸಿಯ ಮೇಲೂ ಗೌರವ.

ಸರಳವಾದ ಈ ಮದ್ದಿಗೆ ಎರಡು ತೊಡಕುಗಳಿವೆ. ಹಿಡಿಯನ್ನು ಎಳೆದ ಕೂಡಲೇ ಇಂಜಿನ್ ಸುಧಾರಿಸುವುದಿಲ್ಲ; ಇನ್ನಷ್ಟು ಕೆಡುತ್ತದೆ. ಬಿಸಿಗಾಳಿ ತೆಳು, ಅದರಿಂದ ಬಲ ತಗ್ಗುತ್ತದೆ. ಕರಗಿದ ಹಿಮವೆಲ್ಲ ನೀರಾಗಿ ಇಂಜಿನ್ನಿನ ಒಳಕ್ಕೇ ಹೋಗುವುದರಿಂದ ಅದು ಕೆಮ್ಮುತ್ತದೆ, ನಡುಗುತ್ತದೆ, ಇನ್ನೇನು ನಿಂತೇ ಹೋಯಿತು ಎನ್ನಿಸುತ್ತದೆ. ಈ ಅವಸ್ಥೆ ಅರ್ಧ ನಿಮಿಷವೂ ಇರಬಹುದು, ಕೆಲವು ನಿಮಿಷಗಳೂ ಇರಬಹುದು. ಅಷ್ಟು ಹೊತ್ತು ಕೈಯನ್ನು ಕದಲಿಸದೆ ಕಾಯಬೇಕು. ಎರಡನೆಯ ತೊಡಕು ಇನ್ನೂ ಕ್ರೂರವಾದದ್ದು: ಕರಗಿಸುವ ಬಿಸಿ ಹುಟ್ಟುವುದು ಆ ಇಂಜಿನ್ನಿನಿಂದಲೇ. ತಡಮಾಡಿದರೆ ಇಂಜಿನ್ ಸೊರಗುತ್ತದೆ, ಅದು ಸೊರಗಿದರೆ ಹೊಗೆಕೊಳವೆ ಆರುತ್ತದೆ, ಆಮೇಲೆ ಹಿಡಿಯನ್ನು ಎಳೆದರೂ ಬರುವುದು ತಂಗಾಳಿಯೇ.

ಇನ್ನು ನನ್ನ ಅಕ್ಕನ ಮಗನ ಕಥೆ. ಅಕ್ಕನನ್ನು ಕೊಟ್ಟದ್ದು ಅಜ್ಜಂಪುರದ ಕಡೆಯ ಒಂದು ಹಳ್ಳಿಗೆ. ಭಾವ ಒಳ್ಳೆಯ ಬೇಸಾಯಗಾರರು. ಮಗನಿಗೆ ಚಿಕ್ಕಂದಿನಿಂದಲೂ ವಿಮಾನದ ಹುಚ್ಚು. ಎರಡು ಎಕರೆ ತೆಂಗಿನ ತೋಟವನ್ನು ಮಾರಿ ಭಾವ ಅವನನ್ನು ಉತ್ತರದ ಒಂದು ಊರಿನ ಫ್ಲೈಯಿಂಗ್ ಕ್ಲಬ್ಬಿಗೆ ಕಳುಹಿಸಿದರು. ಮಾರಬೇಡಿರೆಂದು ಹೇಳಿದವರಲ್ಲಿ ನಾನೂ ಒಬ್ಬ. 1990ರ ಜನವರಿಯ ಒಂದು ಬೆಳಗ್ಗೆ ಅವನು ಒಬ್ಬನೇ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಹಾರುತ್ತಿದ್ದಾಗ ಇಂಜಿನ್ ನಿಂತಿತು. ಗೋಧಿಯ ಹೊಲವೊಂದರಲ್ಲಿ ಇಳಿಸಿದ. ಚಕ್ರ ಮುರಿದು ವಿಮಾನದ ಮೂತಿ ಮಣ್ಣಿಗೆ ಹೂತುಕೊಂಡಿತು. ಅವನಿಗೆ ಹಣೆಯ ಮೇಲೊಂದು ಗಾಯ, ಅಷ್ಟೆ. ವಿಮಾನವನ್ನು ಹೊತ್ತು ತಂದು, ಮುರಿದದ್ದನ್ನು ಬದಲಿಸಿ, ಇಂಜಿನ್ನನ್ನು ತಿರುಗಿಸಿ ನೋಡಿದರು. ಚೆನ್ನಾಗಿಯೇ ಓಡಿತು. ಪೆಟ್ರೋಲಿತ್ತು, ಕಿಡಿಯಿತ್ತು, ಎಲ್ಲವೂ ಇತ್ತು. ಹುಡುಗ ಹೆದರಿ ತಾನೇ ಏನೋ ಎಳೆದು ಇಂಜಿನ್ ನಿಲ್ಲಿಸಿಕೊಂಡನೆಂದು ಹಿರಿಯರೊಬ್ಬರು ತೀರ್ಮಾನ ಹೇಳಿದರು. ಮನೆಗೊಂದು ಪತ್ರ ಬಂತು.

ಭಾವನವರಿಗೆ ಇಂಗ್ಲಿಷ್ ಬಾರದು. ಪತ್ರವನ್ನು ಹಿಡಿದುಕೊಂಡು ಕಡೂರಿನ ನಮ್ಮ ಮನೆಗೆ ಬಂದರು. ನಾನು ಕಣ್ಣಾಡಿಸಿ, "ಇಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲವಂತೆ ಭಾವ" ಎಂದೆ. ಅವರು ತಲೆಯ ರುಮಾಲನ್ನು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಕಾಫಿ ಕುಡಿಯಲಿಲ್ಲ. ಪತ್ರದಲ್ಲಿದ್ದ ಮಾತು ಹಾಗಿರಲಿಲ್ಲ. "ದೋಷವೇನೂ ಕಂಡುಬರಲಿಲ್ಲ" ಎಂದಿತ್ತು. ಕಂಡುಬರಲಿಲ್ಲ ಎಂಬುದನ್ನು ನಾನು ಇರಲಿಲ್ಲ ಎಂದು ಮಾಡಿದ್ದೆ. ಶಾಸನಗಳಲ್ಲಿ ಅಳಿಸಿಹೋದ ಅಕ್ಷರವನ್ನು ಇಲ್ಲದ ಅಕ್ಷರವೆಂದು ಓದಬಾರದೆಂದು ಹುಡುಗರಿಗೆ ಬೆಳಗಿನಿಂದ ಸಂಜೆಯವರೆಗೆ ಪಾಠ ಹೇಳುತ್ತಿದ್ದವನು ನಾನು.

ಹುಡುಗ ವಾಪಸು ಬಂದ. ಮತ್ತೆ ಹೋಗಲಿಲ್ಲ, ಕಳುಹಿಸಲು ತೋಟವೂ ಉಳಿದಿರಲಿಲ್ಲ. ಉಳಿದ ಹೊಲದಲ್ಲಿ ಬೇಸಾಯಕ್ಕೆ ನಿಂತ. ಒಂದು ದಿನ ನನ್ನೆದುರಿಗೆ, "ಮಾವ, ಅದು ಐಸ್ ಕಟ್ಟಿತ್ತು" ಎಂದ. ನಾನು, "ಇಂಜಿನ್ ಸರಿಯಾಗಿಯೇ ಇತ್ತಂತಲ್ಲಪ್ಪ" ಎಂದುಬಿಟ್ಟೆ. ಅವನು ಎದ್ದು ಹೋದ. ಆಮೇಲೆ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದ.

ಎಂಟು ವರ್ಷಗಳ ಮಾತು ಇಷ್ಟೇ. ಈ ನಡುವೆ ನಾನು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದೆ. ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಯ ಕಡೆಗೆ ಚಳಿಗಾಲದ ಬೆಳಗ್ಗೆ ಹೋದಾಗಲೆಲ್ಲ ಅದು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಹತ್ತು ನಿಮಿಷ ಸುಮ್ಮನೆ ನಿಂತರೆ ತಾನಾಗಿಯೇ ಹೊರಡುತ್ತಿತ್ತು. ತರೀಕೆರೆಯ ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದರೆ ಪ್ಲಗ್ಗು ಬಿಚ್ಚಿ ಒರೆಸಿ, "ಏನೂ ಇಲ್ಲ ಸಾರ್, ಗಾಡಿ ಸರಿಯಾಗಿದೆ" ಎನ್ನುತ್ತಿದ್ದ. ಮೂರು ಸಲ ಹಾಗೆಂದ. ಮೂರನೆಯ ಸಲ ನನಗೆ ಸಿಟ್ಟು ಬಂತು. ಸರಿಯಿದ್ದರೆ ನಿಂತದ್ದೇಕಯ್ಯ ಎಂದು ಕೂಗಾಡಿದೆ. ಅಕ್ಕನ ಮಗನೂ ಎಂದೋ ಯಾರ ಮುಂದೆಯೋ ಇದೇ ಪ್ರಶ್ನೆ ಕೇಳಿದ್ದಿರಬೇಕೆಂಬುದು ಆಗಲೂ ನೆನಪಾಗಲಿಲ್ಲ.

1998ರ ಡಿಸೆಂಬರ್. ನೆಂಟರೊಬ್ಬರ ಮದುವೆಗೆಂದು ನಾವಿಬ್ಬರೂ ಅದೇ ದಾರಿಯಲ್ಲಿ ಅದೇ ಮೋಟಾರ್ ಸೈಕಲ್ಲಿನ ಮೇಲೆ ಹೊರಟಿದ್ದೆವು. ಅವನು ಹಿಂದೆ ಕುಳಿತಿದ್ದ. ಮುಖಕ್ಕೆ ಹನಿ ರಾಚುವಂಥ ಕಾವಳ. ಲಿಂಗದಹಳ್ಳಿ ದಾಟಿದ ಮೇಲೆ ಗಾಡಿ ಎಂದಿನಂತೆ ಬಲಗುಂದಿತು. ನಾನು ಎಂದಿನಂತೆ ಕೈ ಹೆಚ್ಚು ತಿರುಗಿಸಿದೆ. ಸ್ವಲ್ಪ ಎಳೆದು, ನಿಂತಿತು. ಅವನು ಇಳಿದವನೇ ಬಗ್ಗಿ, ನನ್ನ ಕೈಯನ್ನು ಹಿಡಿದು ಕಾರ್ಬುರೇಟರಿನ ಮೇಲೆ ಒತ್ತಿದ. "ಮುಟ್ಟಿ ನೋಡಿ ಮಾವ." ಪಕ್ಕದ ಸಿಲಿಂಡರು ಕೈ ಸುಡುವಷ್ಟು ಕಾದಿತ್ತು, ಅದರಿಂದ ನಾಲ್ಕು ಬೆರಳಿನ ದೂರದಲ್ಲಿ ಆ ಲೋಹ ಬೆರಳು ಜೋಮು ಹಿಡಿಯುವಷ್ಟು ತಣ್ಣಗಿತ್ತು, ಮೇಲೆ ತೆಳ್ಳಗೆ ಬಿಳಿಯ ಪೊರೆ. ಉಗುರಿನಿಂದ ಕೆರೆದೆ. ಉಪ್ಪಿನ ಹರಳಿನಂಥದು ಬೆರಳಿಗಂಟಿ, ನೋಡುತ್ತಿದ್ದಂತೆ ನೀರಾಯಿತು. "ಇನ್ನು ಐದು ನಿಮಿಷಕ್ಕೆ ಇದೂ ಇರುವುದಿಲ್ಲ" ಎಂದ. ಇರಲಿಲ್ಲ. ಇಂಜಿನ್ನಿನ ಬಿಸಿ ಹರಿದು ಬಂದು ಲೋಹ ಒದ್ದೆಯಾಯಿತು, ಆಮೇಲೆ ಒಣಗಿತು. ಒದೆದೊಡನೆ ಗಾಡಿ ಹೊರಟಿತು. ನಾನು ಹೊರಡಲಿಲ್ಲ. ರಸ್ತೆಯ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕುಳಿತೆ.

ಅವನು ಅಂದು ಎಲ್ಲವನ್ನೂ ಹೇಳಿದ. ಮೊದಲು ಇಂಜಿನ್ನಿನ ಸುತ್ತು ನಿಮಿಷಕ್ಕೆ ನೂರರಷ್ಟು ಇಳಿಯಿತಂತೆ. ಥ್ರಾಟಲ್ ಕೊಂಚ ಹೆಚ್ಚು ತೆರೆದನಂತೆ, ಸರಿಹೋಯಿತು. ಮತ್ತೆ ಇಳಿಯಿತು, ಮತ್ತೆ ತೆರೆದ. ಹಾಗೆ ಮಾಡುವುದು ರೋಗವನ್ನು ಮುಚ್ಚಿಡುತ್ತದೆ, ವಾಸಿಮಾಡುವುದಿಲ್ಲ. ಆಮೇಲೆ ಕಲಿತದ್ದು ನೆನಪಾಗಿ ಬಿಸಿಗಾಳಿಯ ಹಿಡಿಯನ್ನು ಎಳೆದ. ಕೂಡಲೇ ವಿಮಾನವೆಲ್ಲ ಗಡಗಡನೆ ನಡುಗಿತು, ಇಂಜಿನ್ ಎರಡು ಸಲ ಸಿಡಿಯಿತು. ತಾನು ಎಳೆದದ್ದರಿಂದಲೇ ಹೀಗಾಯಿತೆಂದು ಭಯಪಟ್ಟು ಹಿಡಿಯನ್ನು ಹಿಂದಕ್ಕೆ ತಳ್ಳಿದ. ಆ ತಳ್ಳಿದ್ದರಲ್ಲಿ ಎಲ್ಲವೂ ಮುಗಿಯಿತು. ಮತ್ತೊಮ್ಮೆ ಎಳೆಯುವ ಹೊತ್ತಿಗೆ ಕಾದ ಗಾಳಿ ಉಳಿದಿರಲಿಲ್ಲ.

"ಹೆದರಿದೆ ಎಂದು ಅವರು ಬರೆದದ್ದು ಸುಳ್ಳಲ್ಲ ಮಾವ" ಎಂದ. "ಆದರೆ ಹೆದರಿದ್ದು ಆಮೇಲೆ. ಐಸ್ ಮೊದಲು ಬಂತು."

ಈ ಬಗೆಯ ಅವಘಡಗಳನ್ನು ತನಿಖೆ ಮಾಡುವವರ ಕಷ್ಟವನ್ನು ನಾನು ಅರಿಯದವನಲ್ಲ. ಮುರಿದ ಕಬ್ಬಿಣ ಸಾಕ್ಷಿ ಹೇಳುತ್ತದೆ, ಸೋರಿದ ಎಣ್ಣೆ ಸಾಕ್ಷಿ ಹೇಳುತ್ತದೆ. ಹಿಮ ಮಾತ್ರ ಯಾರೂ ಬರುವ ಮೊದಲೇ ಕರಗಿ ಆವಿಯಾಗಿ ಹೋಗಿರುತ್ತದೆ. ಅದಕ್ಕಾಗಿಯೇ ಅನುಭವಸ್ಥರು ಇಂಥ ಕಡೆಗಳಲ್ಲಿ ಆ ಹೊತ್ತಿನ ಉಷ್ಣವೆಷ್ಟು, ಗಾಳಿಯ ತೇವವೆಷ್ಟು ಎಂದು ಹವಾಮಾನದ ದಾಖಲೆಯನ್ನು ತೆಗೆದು ನೋಡುತ್ತಾರೆ. ಅವನ ವಿಷಯದಲ್ಲಿ ಹಾಗೆ ನೋಡಿದ್ದರೆಂದು ಆ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ಗಮನಿಸುವುದು ಪತ್ರವನ್ನು ಓದಿ ಹೇಳಿದವನ ಕೆಲಸವಾಗಿತ್ತು.

ಆ ಮದುವೆಯಿಂದ ಹಿಂದಿರುಗಿ ಮಾರನೆಯ ದಿನವೇ ನಾನು ಅಜ್ಜಂಪುರಕ್ಕೆ ಹೋದೆ. ಭಾವನವರಿಗೆ ಆಗ ಕಿವಿ ಮಂದವಾಗಿತ್ತು. ಪತ್ರವನ್ನು ಅಕ್ಕ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅದನ್ನು ತೆಗೆಸಿ, ಸಾಲು ಸಾಲಾಗಿ, ಗಟ್ಟಿಯಾಗಿ, ಈ ಸಲ ಸರಿಯಾಗಿ ಕನ್ನಡದಲ್ಲಿ ಓದಿದೆ. "ಕಂಡುಬರಲಿಲ್ಲ" ಎಂಬಲ್ಲಿ ನಿಲ್ಲಿಸಿ ಎರಡು ಸಲ ಹೇಳಿದೆ. ಅವರು ಕೈಯನ್ನು ಕಿವಿಗೆ ಮರೆಮಾಡಿಕೊಂಡು ಕೇಳಿದರು. "ಹಂಗಾದ್ರೆ ಹುಡುಗ ಹೇಳಿದ್ದೇ ನಿಜ ಅನ್ನು" ಎಂದರು. ಹೌದೆಂದೆ. ಅವರು ಎದ್ದು ಕಣದ ಕಡೆಗೆ ಹೋದರು. ಮಗ ಅಲ್ಲಿ ರಾಗಿ ತೂರುತ್ತಿದ್ದ. ಇಬ್ಬರೂ ಏನು ಮಾತನಾಡಿದರೋ ನನಗೆ ಕೇಳಿಸಲಿಲ್ಲ, ದೂರವಿತ್ತು.

ಭಾವ ತೀರಿಕೊಂಡು ಬಹಳ ವರ್ಷಗಳಾದವು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಕಡೆಯ ಆಕಾಶದಲ್ಲಿಯೂ ವಿಮಾನದ ಸದ್ದು ಹೊಸದಲ್ಲ. ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಅಕ್ಕನ ಮನೆಯಲ್ಲಿ ತಂಗಿದ್ದೆ. ಬೆಳಗ್ಗೆ ನಾವಿಬ್ಬರೂ, ಈಗ ಅವನಿಗೂ ತಲೆ ನರೆತಿದೆ, ತೆಂಗಿನ ಸಸಿಗಳ ನಡುವೆ ನಿಂತಿದ್ದೆವು. ನಾಲ್ಕು ಮಾರು ದೂರದ ಮರ ಕಾಣದಷ್ಟು ಮಂಜು. ಅದರ ಮೇಲೆಲ್ಲೋ ಪಶ್ಚಿಮದ ಕಡೆಗೆ ಒಂದು ಸದ್ದು ಸಾಗಿಹೋಯಿತು. ಈ ಥಂಡಿಯಲ್ಲಿ ಅದರ ಇಂಜಿನ್ನಿಗೆ ತೊಂದರೆಯಾಗುವುದಿಲ್ಲವೇನಪ್ಪ ಎಂದು ಕೇಳಿದೆ.

"ಅವುಗಳಿಗೆ ಬೇರೆ ತೊಂದರೆಗಳಿರುತ್ತವೆ ಮಾವ. ರೆಕ್ಕೆಗೆ ಐಸ್ ಹಿಡಿಯಬಹುದು, ಇಳಿಯುವಾಗ ದಾರಿ ಕಾಣಿಸದೆ ಹೋಗಬಹುದು. ಆದರೆ ಅವುಗಳಲ್ಲಿ ಕಾರ್ಬುರೇಟರ್ ಇಲ್ಲ, ಟರ್ಬೈನ್ ಇಂಜಿನ್ನು" ಎಂದ. ತಲೆಯೆತ್ತಿ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಕರೆಂಟು ಬಂದಿತ್ತೆಂದು ತೋರುತ್ತದೆ, ಬಾವಿಯ ಕಡೆಯಿಂದ ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ ಶುರುವಾಯಿತು. ನೀರು ತಿರುಗಿಸಬೇಕೆಂದು ಸನಿಕೆ ಹೆಗಲಿಗಿಟ್ಟುಕೊಂಡು ಅವನು ಮಂಜಿನೊಳಕ್ಕೆ ನಡೆದ.